ಅಂಗಳದಲ್ಲಿ ಹುಲಿ, ತೋಟದಲ್ಲಿ ಇಲಿ

ನಮ್ಮ ಮನೆಯ ಹುಲ್ಲು ಹೊಡೆಯುವ ಯಂತ್ರ ಅಂಗಳದಲ್ಲಿ ಹುಲಿ, ತೋಟದಲ್ಲಿ ಇಲಿ. ಅಂಗಳದಲ್ಲಿ ನಿಲ್ಲಿಸಿ ಹಗ್ಗ ಎಳೆದರೆ ಎರಡನೇ ಸಲಕ್ಕೇ ಗುಡುಗುತ್ತಿತ್ತು. ಎಕ್ಸಲೇಟರ್ ಅದುಮಿದರೆ ಮಾಡಿನ ಹೆಂಚು ನಡುಗುವಂತೆ ಕೂಗುತ್ತಿತ್ತು. ಅದೇ ಯಂತ್ರವನ್ನು ಹೆಗಲಿಗೇರಿಸಿಕೊಂಡು ತೋಟಕ್ಕಿಳಿದು ಸೊಂಟದೆತ್ತರದ ಹುಲ್ಲಿಗೆ ಒಡ್ಡಿದರೆ, ನಾಲ್ಕೈದು ನಿಮಿಷ ಹುರುಪಿನಿಂದ ಕತ್ತರಿಸಿ, ಆಮೇಲೆ ದನಿ ಇಳಿಸಿ, ಗೊರ ಗೊರ ಎಂದು ಗೊಣಗಿ, ಸುಮ್ಮನಾಗಿಬಿಡುತ್ತಿತ್ತು. ಹುಲ್ಲಿನಿಂದ ಎತ್ತಿ ಹಿಡಿದರೆ ಮತ್ತೆ ಸಣ್ಣಗೆ ಓಡೀತು. ಹುಲ್ಲಿಗೆ ತಾಗಿಸಿದರೆ ಮತ್ತೆ ಅದೇ ಕಥೆ. ಕೆಲಸವಿಲ್ಲದಾಗ ಆರೋಗ್ಯ, ಕೆಲಸ ಕೊಟ್ಟಾಗ ಕಾಯಿಲೆ! ಮನುಷ್ಯರಲ್ಲಿ ಇಂಥವರನ್ನು ಬೇಕಾದಷ್ಟು ನೋಡಿದ್ದೇನೆ. ಯಂತ್ರದಲ್ಲಿ ಕಂಡದ್ದು ಅದೇ ಮೊದಲು.

ಕಳೆದ ವರ್ಷದ ದಸರಾ ರಜೆಯ ಮಾತು. ನಮ್ಮದು ಸಾಗರ ತಾಲ್ಲೂಕಿನ ಒಂದು ಹಳ್ಳಿ. ಮೇಷ್ಟರಿಕೆಯ ಜೊತೆಗೆ ಅಪ್ಪ ಬಿಟ್ಟುಹೋದ ಒಂದೂವರೆ ಎಕರೆ ಅಡಿಕೆ ತೋಟ. ಮಲೆನಾಡಿನವರಿಗೆ ಹೇಳಬೇಕಾಗಿಲ್ಲ, ಮಳೆಗಾಲ ಮುಗಿಯುವ ಹೊತ್ತಿಗೆ ತೋಟದ ಹುಲ್ಲು ಕಾಡಿಗೆ ಸಮ. ಕೊನೆಗೊಯ್ಲು ಶುರುವಾಗುವ ಮುಂಚೆ ಅದನ್ನು ಸವರಿ ಮುಗಿಸಬೇಕು. ಇಲ್ಲದಿದ್ದರೆ ಉದುರಿದ ಅಡಿಕೆ ಸಿಗುವುದಿಲ್ಲ, ಕಾಲಡಿ ಏನಿದೆಯೋ ತಿಳಿಯುವುದಿಲ್ಲ. ಕತ್ತಿ ಹಿಡಿದು ಹುಲ್ಲು ಕೊಯ್ಯುವ ಆಳುಗಳು ಸಿಗುವ ಕಾಲ ಮುಗಿದು ವರ್ಷಗಳಾದವು. ಹಾಗಾಗಿ ಈ ಯಂತ್ರವೇ ಗತಿ.

ತೋಟದ ಕೆಲಸಕ್ಕೆ ಹತ್ತಿರದ ಕೇರಿಯಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ರಜೆಯಾದ್ದರಿಂದ ಜೊತೆಗೆ ಅವಳ ಮಗನೂ ಬರುತ್ತಿದ್ದ. ಅವನು ನನ್ನದೇ ಶಿಷ್ಯ. ಕಳೆದ ಮೇನಲ್ಲಿ ನಮ್ಮ ಕನ್ನಡ ಮಾಧ್ಯಮದ ಹೈಸ್ಕೂಲಿನಿಂದ ಎಸ್ಸೆಸ್ಸೆಲ್ಸಿ ಮುಗಿಸಿ ಹೋದವನು. ವಿಜ್ಞಾನದಲ್ಲಿ 91 ಅಂಕ. ಅವನ ಅಂಕಪಟ್ಟಿ ನೋಡಿ, ‘ಇವನು ನಮ್ಮ ಶಾಲೆಯ ಹೆಸರು ಉಳಿಸುವ ಹುಡುಗ’ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ತಿರುಗಿದವನು ನಾನೇ. ಪೇಟೆಯ ಕಾಲೇಜಿನಲ್ಲಿ ಪಿ.ಯು. ವಿಜ್ಞಾನಕ್ಕೆ ಸೇರಲು ಹುರಿದುಂಬಿಸಿದವನೂ ನಾನೇ.

ಯಂತ್ರ ನನ್ನ ಕೈಯಲ್ಲಿ, ಕತ್ತರಿಸಿದ ಹುಲ್ಲನ್ನು ಎಳೆದು ಅಡಿಕೆ ಬುಡಕ್ಕೆ ಹಾಕುವ ಕೆಲಸ ಅವನದು. ತಿರುಗುವ ಅಲಗನ್ನು ಆ ವಯಸ್ಸಿನವರ ಕೈಗೆ ಕೊಡಬಾರದು. ಮೊದಲ ದಿನವೇ ಯಂತ್ರ ಕೈಕೊಟ್ಟಿತು.

ಪೇಟೆಯ ಮೆಕ್ಯಾನಿಕ್ಕಿನ ಬಳಿ ಒಯ್ದೆ. ಆತ ಮುಚ್ಚಳ ತೆರೆದು ಪೆಟ್ರೋಲ್ ಇದೆಯೇ ಎಂದು ಇಣುಕಿ, ಮುಚ್ಚಿ, ಹಗ್ಗ ಎಳೆದ. ಅಂಗಡಿಯೆಲ್ಲ ನೀಲಿ ಹೊಗೆ ತುಂಬುವಂತೆ ಎರಡು ನಿಮಿಷ ಕೂಗಿಸಿದ. “ಏನೂ ಆಗಿಲ್ಲ ಮೇಷ್ಟ್ರೇ, ಚಿನ್ನದಂಥಾ ಎಂಜಿನ್ನು” ಎಂದ. ಮನೆಗೆ ತಂದು ತೋಟಕ್ಕಿಳಿಸಿದರೆ ಚಿನ್ನ ಮತ್ತೆ ಕಬ್ಬಿಣವಾಯಿತು. ಮರುದಿನ ಮತ್ತೆ ಹೋದೆ. ಈ ಸಲ ಆತನಿಗೆ ಬೇಸರ ಬಂದಿತ್ತು. “ಹಂಗಾದ್ರೆ ಬೋರ್ ಹೋಗಿದೆ. ಲೋಡ್ ಎಳೀತಿಲ್ಲ ಅಂದ್ರೆ ಅದೇ. ಬ್ಲಾಕ್, ಪಿಸ್ಟನ್ ಎಲ್ಲಾ ಬದಲಾಯಿಸಬೇಕು” ಎಂದು ಹೊಸ ಯಂತ್ರದ ಅರ್ಧದಷ್ಟು ಬೆಲೆ ಹೇಳಿದ. ವಿಚಾರ ಮಾಡಿ ಬರುತ್ತೇನೆಂದು ಯಂತ್ರವನ್ನು ಸ್ಕೂಟರಿಗೆ ಕಟ್ಟಿಕೊಂಡು ವಾಪಸು ಬಂದೆ.

ಅದೇ ಸಂಜೆ ಹುಡುಗನ ತಾಯಿ ಕೂಲಿ ತೆಗೆದುಕೊಂಡವಳು ಹೋಗದೆ ಜಗಲಿಯ ಕಂಬ ಹಿಡಿದು ನಿಂತಳು. “ಮೇಷ್ಟ್ರೇ, ಇವ್ನ ತಲೆಗೆ ಏನಾಯ್ತು ಒಂಚೂರು ನೋಡಿ. ನಿಮ್ಮ ಶಾಲೇಲಿ ಅಷ್ಟು ಚೆನ್ನಾಗಿ ಓದ್ತಿದ್ದ. ಕಾಲೇಜಲ್ಲಿ ಎರಡು ಟೆಸ್ಟಲ್ಲೂ ಫೇಲಂತೆ.” ಕೇಳಿದೆ. ಭೌತಶಾಸ್ತ್ರದಲ್ಲಿ 50ಕ್ಕೆ 9, ರಸಾಯನಶಾಸ್ತ್ರದಲ್ಲಿ 11. ಹುಡುಗ ಅಂಗಳದ ಮೂಲೆಯಲ್ಲಿ ಕತ್ತಿ ಮಸೆಯುತ್ತಾ ತಲೆ ಎತ್ತಲಿಲ್ಲ.

ನಾನು ಏನು ಹೇಳಿದೆ ಗೊತ್ತೆ? ಬರೆಯಲು ನಾಚಿಕೆಯಾಗುತ್ತದೆ. “ಮೊಬೈಲು ಹಿಡ್ಕೊಂಡು ಕೂತಿರ್ತಾನೆ, ಇನ್ನೇನು? ಮಾರ್ಕ್ಸ್ ಬಂತು ಅಂತ ಅಹಂಕಾರ. ನಮ್ಮ ಶಾಲೆಯಲ್ಲಿ ಅಷ್ಟು ಸಾಕಾಗಿತ್ತು, ಪಿಯುಸಿ ಅಂದ್ರೆ ಹಾಗಲ್ಲ. ಇವನ ಕೈಲಿ ಆಗಲ್ಲ ಅನ್ನಿಸತ್ತೆ. ಮುಂದಿನ ವರ್ಷ ವಿಜ್ಞಾನ ಬಿಡಿಸಿ ಬೇರೆ ಏನಾದ್ರೂ ಓದಿಸು” ಎಂದುಬಿಟ್ಟೆ. ಒಂದೂ ಪ್ರಶ್ನೆ ಕೇಳದೆ ತೀರ್ಪು ಕೊಟ್ಟಿದ್ದೆ. ಬೋರ್ ಹೋಗಿದೆ ಎಂದು ಹೇಳಿದ ಮೆಕ್ಯಾನಿಕ್ಕಿನ ಮೇಲೆ ನನಗೆ ಮಧ್ಯಾಹ್ನವಿಡೀ ಸಿಟ್ಟಿತ್ತು. ಸಂಜೆ ನಾನು ಆಡಿದ್ದೂ ಅದೇ ಮಾತು ಎಂಬುದು ಆಗ ಹೊಳೆಯಲಿಲ್ಲ.

ಮರುದಿನ ಆಯುಧಪೂಜೆ. ಯಂತ್ರಕ್ಕೆ ಕುಂಕುಮ ಹಚ್ಚುವಾಗ, ನಾವೇ ಯಾಕೆ ನೋಡಬಾರದು ಎನ್ನಿಸಿತು. ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದ್ದೇನೆ, ಹೆಸರಿನ ಮುಂದೆ ಬಿ.ಎಸ್ಸಿ., ಬಿ.ಎಡ್. ಎಂದು ಬರೆದುಕೊಳ್ಳುತ್ತೇನೆ. ಪೂಜೆಯ ಮರುದಿನ ಬೆಳಿಗ್ಗೆ ಹುಡುಗನ ಕೈಗೆ ಒಂದು ಹಳೇ ನೋಟ್‌ಬುಕ್ಕು ಮತ್ತು ಕೈಗಡಿಯಾರ ಕೊಟ್ಟು, “ನಾನು ಏನೇನು ಮಾಡ್ತೀನೋ ಎಲ್ಲಾ ಬರಿ. ಎಷ್ಟು ನಿಮಿಷ ಓಡ್ತು ಅಂತ ಬರಿ. ಟ್ಯಾಂಕಲ್ಲಿ ಎಷ್ಟಿತ್ತು ಅಂತಾನೂ ಬರಿ” ಎಂದೆ.

ಮೊದಲು, ಹೊರೆ ಬಿದ್ದಾಗ ಎಂಜಿನ್ನಿಗೆ ಏನಾಗುತ್ತದೆ ನೋಡೋಣ. ಇಂಥ ಸಣ್ಣ ಯಂತ್ರಗಳಲ್ಲಿ ಹೆಚ್ಚಿನವು ಟೂ ಸ್ಟ್ರೋಕ್ ಎಂಜಿನ್ನುಗಳು. ಅಂದರೆ ಪಿಸ್ಟನ್ ಒಮ್ಮೆ ಮೇಲೆ ಹೋಗಿ ಕೆಳಗೆ ಬಂದರೆ ಒಂದು ಸಲ ಇಂಧನ ಉರಿಯುತ್ತದೆ. ನಿಮಿಷಕ್ಕೆ 7000 ಸುತ್ತು ತಿರುಗಿದರೆ ನಿಮಿಷಕ್ಕೆ 7000 ಸಲ ಬೆಂಕಿ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9000 ಲೀಟರ್ ಗಾಳಿ ಬೇಕು. ಸುಮ್ಮನೆ ನಿಂತು ಓಡುವಾಗ ಎಂಜಿನ್ನು ತನ್ನನ್ನು ತಾನು ತಿರುಗಿಸಿಕೊಂಡರೆ ಸಾಕು. ಅದಕ್ಕೆ ಹನಿ ಪೆಟ್ರೋಲ್, ಗುಟುಕು ಗಾಳಿ ಸಾಲುತ್ತದೆ. ಹುಲ್ಲು ಅಡ್ಡ ಬಂದಾಗ ಅಷ್ಟೇ ವೇಗದಲ್ಲಿ ತಿರುಗಲು ಬಹಳ ಹೆಚ್ಚು ಇಂಧನ, ಗಾಳಿ ಎರಡೂ ಬೇಕು. ದಾರಿಯಲ್ಲಿ ಎಲ್ಲಾದರೂ ಅಡಚಣೆಯಿದ್ದರೆ ಹೊರೆಯಿಲ್ಲದಾಗ ಅದು ಕಾಣುವುದೇ ಇಲ್ಲ. ನಲ್ಲಿಯಲ್ಲಿ ಕಸ ಕಟ್ಟಿದ್ದರೂ ಒಂದು ಲೋಟ ನೀರು ತುಂಬುತ್ತದೆ; ತೋಟಕ್ಕೆ ನೀರು ಹಾಯಿಸಲು ಹೋದಾಗಲೇ ಗೊತ್ತಾಗುವುದು. ಹಾಗಾಗಿ ಅಂಗಡಿಯಲ್ಲಿ ಕೂಗಿಸಿ ನೋಡಿದರೆ ಇಂಥ ರೋಗ ತಿಳಿಯುವುದಿಲ್ಲ.

ಇನ್ನು ಹುಡುಕುವ ಕ್ರಮ. ಎರಡು ಸೂತ್ರ ಇಟ್ಟುಕೊಂಡೆವು. ಒಂದು, ಖರ್ಚಿಲ್ಲದ್ದನ್ನು ಮೊದಲು ನೋಡುವುದು, ದುಬಾರಿಯದ್ದನ್ನು ಕೊನೆಗೆ. ಎರಡು, ಒಂದು ಸಲಕ್ಕೆ ಒಂದೇ ಬದಲಾವಣೆ. ನಾಲ್ಕನ್ನು ಒಟ್ಟಿಗೆ ಮಾಡಿದರೆ ಯಂತ್ರ ಸರಿಯಾದರೂ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ. ಜೊತೆಗೆ ಒಂದು ಎಚ್ಚರಿಕೆ: ಅಲಗಿನ ಹತ್ತಿರ ಕೈ ಹಾಕುವ ಮುಂಚೆ ಎಂಜಿನ್ನು ನಿಲ್ಲಿಸಿ ಪ್ಲಗ್ಗಿನ ತಂತಿ ಕಳಚಬೇಕು. ಬಿಸಿ ಎಂಜಿನ್ನಿನ ಬಳಿ ಪೆಟ್ರೋಲ್ ಮುಚ್ಚಳ ತೆರೆಯಬಾರದು, ಆರಲು ಬಿಡಬೇಕು.

ಮೊದಲ ಅನುಮಾನ ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಎಥನಾಲಿಗೆ ನೀರಿನ ಸ್ನೇಹ ಜಾಸ್ತಿ. ನಮ್ಮ ಕಡೆಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಕ್ಯಾನಿನಲ್ಲಿಟ್ಟರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ನೀರು ಹೆಚ್ಚಾದರೆ ಎಥನಾಲೂ ನೀರೂ ಸೇರಿ ತಳಕ್ಕೆ ಇಳಿಯುತ್ತವೆ. ಹಳೆಯದನ್ನು ಸುರಿದು, ಹೊಸ ಪೆಟ್ರೋಲಿಗೆ ಯಂತ್ರದ ಪುಸ್ತಕದಲ್ಲಿ ಹೇಳಿದಂತೆ ಲೀಟರಿಗೆ 40 ಮಿಲಿ ಲೀಟರ್ ಟೂ-ಟಿ ಎಣ್ಣೆ ಬೆರೆಸಿ ಟ್ಯಾಂಕ್ ತುಂಬಿಸಿದೆವು. ತೋಟಕ್ಕಿಳಿದು ಹುಲ್ಲಿಗೆ ಒಡ್ಡಿದೆ. ನಾಲ್ಕು ನಿಮಿಷ. ಗೊರ ಗೊರ. ಸ್ತಬ್ಧ.

ಎರಡನೆಯದು ಏರ್ ಫಿಲ್ಟರ್. ತೆಗೆದು ನೋಡಿದರೆ ಸ್ಪಂಜು ಎಣ್ಣೆ, ಧೂಳು, ಹುಲ್ಲಿನ ಪುಡಿ ಸೇರಿ ಹೋಳಿಗೆಯ ಕಣಕದಂತಾಗಿತ್ತು. ಸಿಕ್ಕಿಬಿದ್ದ ಕಳ್ಳ ಎಂದುಕೊಂಡೆ. ಸಾಬೂನು ನೀರಿನಲ್ಲಿ ತೊಳೆದು, ಒಣಗಿಸಿ, ಹಾಕಿ, ಟ್ಯಾಂಕ್ ಭರ್ತಿ ಮಾಡಿ ಹೊರಟೆವು. ಐದು ನಿಮಿಷ.

ಮೂರನೆಯದು ಪ್ಲಗ್ಗು. ಪ್ಲಗ್ಗಿನ ತುದಿ ಎಂಜಿನ್ನಿನ ನಾಲಗೆ ಇದ್ದಂತೆ. ವೈದ್ಯರು ನಾಲಗೆ ಚಾಚಿಸಿ ನೋಡುವುದಿಲ್ಲವೆ? ತುದಿ ಕಾಫಿಪುಡಿಯ ತಿಳಿ ಬಣ್ಣದಲ್ಲಿದ್ದರೆ ಆರೋಗ್ಯ. ಕಪ್ಪು ಮಸಿ ಹಿಡಿದಿದ್ದರೆ ಇಂಧನ ಜಾಸ್ತಿ ಅಥವಾ ಗಾಳಿ ಕಡಿಮೆ. ಬೆಳ್ಳಗೆ ಸುಟ್ಟಂತಿದ್ದರೆ ಇಂಧನವೇ ಸಾಲುತ್ತಿಲ್ಲ. ನಮ್ಮದು ಬೆಳ್ಳಗಿತ್ತು. ಇದೊಂದು ದೊಡ್ಡ ಸುಳಿವು. ಆದರೆ ನಾನು ಪ್ಲಗ್ಗೇ ಹಳತಾಗಿದೆ ಎಂದುಕೊಂಡು ಉಜ್ಜಿ ಹಾಕಿದೆ. ಮತ್ತೆ ಟ್ಯಾಂಕ್ ಭರ್ತಿ. ನಾಲ್ಕು ನಿಮಿಷ.

ನಾಲ್ಕನೆಯದು ಟ್ಯಾಂಕಿನೊಳಗೆ ಕೊಳವೆಯ ತುದಿಯಲ್ಲಿರುವ ಪೆಟ್ರೋಲ್ ಫಿಲ್ಟರ್. ಅದನ್ನು ತಂತಿಯ ಕೊಕ್ಕೆಯಿಂದ ಹೊರಗೆಳೆಯಬೇಕಾದರೆ ಪೆಟ್ರೋಲ್ ಬಸಿಯಬೇಕು. ಬಸಿದೆವು. ಫಿಲ್ಟರ್ ತೊಳೆದು ಹಾಕಿ ಅರ್ಧ ಟ್ಯಾಂಕ್ ಮಾತ್ರ ತುಂಬಿಸಿ ಶುರು ಮಾಡಿದೆ. ಐದು ನಿಮಿಷ ಆಯಿತು. ಹತ್ತಾಯಿತು. ಹದಿನೈದಾಯಿತು. ಹುಲ್ಲು ಎರಡೂ ಕಡೆ ಅಡ್ಡಬೀಳುತ್ತಿತ್ತು. ನನ್ನ ಸಂತೋಷಕ್ಕೆ ಪಾರವಿಲ್ಲ. ಮೆಕ್ಯಾನಿಕ್ಕಿಗೆ ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಸಿದ್ಧವಾಗತೊಡಗಿತು. 21ನೇ ನಿಮಿಷಕ್ಕೆ ಯಂತ್ರ ನಿಂತಿತು. ಪೆಟ್ರೋಲ್ ಮುಗಿದಿರಬೇಕು ಎಂದುಕೊಂಡೆ. ಕಾಫಿ ಕುಡಿದು ಬಂದು ಟ್ಯಾಂಕ್ ತುಂಬ ಸುರಿದು ಗೆದ್ದವನ ಠೀವಿಯಲ್ಲಿ ಹಗ್ಗ ಎಳೆದೆ. ನಾಲ್ಕೇ ನಿಮಿಷ!

ತಲೆಯ ಮೇಲೆ ಕೈಹೊತ್ತು ಅಡಿಕೆ ಮರಕ್ಕೊರಗಿ ಕೂತೆ. ಮುಂದೆ ಸೈಲೆನ್ಸರ್ ಬಿಚ್ಚಿ ಮಸಿ ಕೆರೆಯಬೇಕು, ಆಮೇಲೆ ಕಾರ್ಬುರೇಟರ್, ಕೊನೆಗೆ ಬೋರು. ಮೆಕ್ಯಾನಿಕ್ಕೇ ಸರಿಯೇನೋ ಎನ್ನಿಸತೊಡಗಿತು. ಆಗ ಹುಡುಗ ನೋಟ್‌ಬುಕ್ಕು ಹಿಡಿದು ಹತ್ತಿರ ಬಂದ. ಬೆಳಗಿನಿಂದ ಅವನು ತಾನಾಗಿ ಮಾತಾಡಿದ್ದು ಅದೇ ಮೊದಲು.

“ಸಾರ್, ಟ್ಯಾಂಕ್ ತುಂಬಾ ಇದ್ದಾಗ ಬೇಗ ನಿಲ್ಲತ್ತೆ. ಅರ್ಧ ಇದ್ದಾಗ ಲೇಟಾಗಿ ನಿಲ್ತು.”

“ಅದು ಹೇಗೋ ಆಗತ್ತೆ? ಪೆಟ್ರೋಲ್ ಜಾಸ್ತಿ ಇದ್ರೆ ಜಾಸ್ತಿ ಹೊತ್ತು ಓಡಬೇಕಲ್ಲ?” ಎಂದು ಗದರಿದೆ.

ಅವನು ಪುಟ ತೋರಿಸಿದ. ಭರ್ತಿ, 4. ಭರ್ತಿ, 5. ಭರ್ತಿ, 4. ಅರ್ಧ, 21. ಭರ್ತಿ, 4. “ಇನ್ನೊಂದು ಸಾರ್. ಅರ್ಧ ಹಾಕಿದಾಗ ಪೆಟ್ರೋಲ್ ಖಾಲಿ ಆಗಿರಲಿಲ್ಲ. ಕಾಫಿಗೆ ಹೋದಾಗ ನಾನು ಮುಚ್ಚಳ ತೆಗೆದು ನೋಡಿದೆ. ತೆಗೆಯೋವಾಗ ಸುಯ್ ಅಂತ ಶಬ್ದ ಬಂತು. ಬೆಳಿಗ್ಗೆಯಿಂದ ಪ್ರತಿ ಸಲಾನೂ ಬಂದಿದೆ.”

ಸುಯ್! ಅಷ್ಟು ಸಾಕಾಯಿತು. ನಾಚಿಕೆಯಿಂದ ಭೂಮಿಗಿಳಿದುಹೋದೆ. ಎಂಟನೇ ತರಗತಿಗೆ ಪ್ರತಿ ವರ್ಷ ಗಾಳಿಯ ಒತ್ತಡದ ಪಾಠ ಮಾಡುತ್ತೇನೆ. 1643ರಲ್ಲಿ ಇಟಲಿಯ ಟೊರಿಸೆಲ್ಲಿ ಪಾದರಸದ ಕೊಳವೆಯಿಂದ ಗಾಳಿಗೆ ಒತ್ತಡವಿದೆ ಎಂದು ತೋರಿಸಿಕೊಟ್ಟದ್ದನ್ನು ಹೇಳುತ್ತೇನೆ. ತುಂಬಿದ ಲೋಟಕ್ಕೆ ರಟ್ಟು ಮುಚ್ಚಿ ಬೋರಲು ಹಾಕಿ ಮಕ್ಕಳಿಂದ ಚಪ್ಪಾಳೆ ಗಿಟ್ಟಿಸುತ್ತೇನೆ. ಕೊನೆಯಲ್ಲಿ ತಪ್ಪದೆ ಕೇಳುವ ಪ್ರಶ್ನೆ: “ಎಣ್ಣೆ ಡಬ್ಬಕ್ಕೆ ನಿಮ್ಮಮ್ಮ ಎರಡು ತೂತು ಯಾಕೆ ಮಾಡ್ತಾರೆ?” ಒಂದರಲ್ಲಿ ಎಣ್ಣೆ ಹೊರಗೆ ಬರಲು, ಇನ್ನೊಂದರಲ್ಲಿ ಗಾಳಿ ಒಳಗೆ ಹೋಗಲು. ಪೆಟ್ರೋಲ್ ಟ್ಯಾಂಕೂ ಎಣ್ಣೆ ಡಬ್ಬವೇ. ಅದರ ಎರಡನೇ ತೂತು ಮುಚ್ಚಳದಲ್ಲಿರುತ್ತದೆ. ಮಳೆಗಾಲವಿಡೀ ಮೂಲೆಯಲ್ಲಿದ್ದ ನಮ್ಮ ಯಂತ್ರದ ಮುಚ್ಚಳದ ಆ ಸಣ್ಣ ರಂಧ್ರ ಎಣ್ಣೆ, ಧೂಳಿನಿಂದ ಮುಚ್ಚಿಹೋಗಿತ್ತು. ಕಾರ್ಬುರೇಟರಿನೊಳಗೆ ಒಂದು ತೆಳ್ಳನೆಯ ಪದರ ಪಂಪಿನಂತೆ ಮಿಡಿದು ಪೆಟ್ರೋಲ್ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರದಿದ್ದರೆ ಟ್ಯಾಂಕಿನ ಒತ್ತಡ ಇಳಿಯುತ್ತಾ ಹೋಗಿ ಆ ಪುಟ್ಟ ಪಂಪಿಗೆ ಎಳೆಯುವ ಶಕ್ತಿ ಸಾಲದಾಗುತ್ತದೆ. ಸಣ್ಣಗೆ ಓಡಲು ಬೇಕಾದ ಹನಿ ಸಿಗುತ್ತದೆ, ದುಡಿಯಲು ಬೇಕಾದ ಧಾರೆ ಸಿಗುವುದಿಲ್ಲ. ನಾವು ಪ್ರತಿ ಸಲ ಏನೋ ಸರಿಮಾಡಿದೆವು ಎಂದುಕೊಂಡಾಗಲೂ ನಿಜವಾಗಿ ಆಗುತ್ತಿದ್ದದ್ದು ಒಂದೇ: ಮುಚ್ಚಳ ತೆರೆದು ಮುಚ್ಚುತ್ತಿದ್ದೆವು. ಮೆಕ್ಯಾನಿಕ್ಕೂ ಅದನ್ನೇ ಮಾಡಿದ್ದ.

ಆದರೆ ತುಂಬಿದ ಟ್ಯಾಂಕು ಬೇಗ ನಿಲ್ಲುವುದೇಕೆ? “ಬಾಯ್ಲ್ಸ್ ಲಾ ಓದಿದೀಯೇನೋ?” ಎಂದೆ. ಹುಡುಗ ಕೈಕಟ್ಟಿ ನಿಂತು ಒಂದೇ ಉಸಿರಿಗೆ, “ಅಟ್ ಕಾನ್‌ಸ್ಟಂಟ್ ಟೆಂಪರೇಚರ್, ದ ಪ್ರೆಶರ್ ಆಫ್ ಎ ಗಿವನ್ ಮಾಸ್ ಆಫ್ ಗ್ಯಾಸ್ ಈಸ್ ಇನ್ವರ್ಸ್‌ಲಿ ಪ್ರೊಪೋರ್ಷನಲ್ ಟು ಇಟ್ಸ್ ವಾಲ್ಯೂಮ್” ಎಂದು ಒಪ್ಪಿಸಿದ. ಒಂದಕ್ಷರ ತಪ್ಪಿಲ್ಲ.

“ಇನ್ವರ್ಸ್‌ಲಿ ಪ್ರೊಪೋರ್ಷನಲ್ ಅಂದ್ರೆ?”

ಮೌನ. ಕಾಲ್ಬೆರಳಿನಿಂದ ಮಣ್ಣು ಕೆರೆಯತೊಡಗಿದ.

“ವಿಲೋಮಾನುಪಾತ ಕಣೋ.”

ಅವನು ತಲೆ ಎತ್ತಿದ. ಆ ಕಣ್ಣು ನನಗಿನ್ನೂ ನೆನಪಿದೆ. “ವಿಲೋಮಾನುಪಾತನಾ ಸಾರ್? ಒಂದು ಎರಡರಷ್ಟಾದ್ರೆ ಇನ್ನೊಂದು ಅರ್ಧ ಆಗೋದು? ಅಷ್ಟೇನಾ ಬಾಯ್ಲ್ಸ್ ಲಾ ಅಂದ್ರೆ?”

ಅಷ್ಟೇ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ್ದು ಅಷ್ಟನ್ನೇ. ಕಡ್ಡಿಯಿಂದ ಮಣ್ಣಿನ ಮೇಲೆ ಲೆಕ್ಕ ಹಾಕಿದೆವು. ನಮ್ಮ ಟ್ಯಾಂಕು 1200 ಮಿಲಿ ಲೀಟರ್. ಭರ್ತಿ ಎಂದು ನಾವು ತುಂಬಿಸಿದಾಗ ಮೇಲೆ ಉಳಿಯುವ ಗಾಳಿ ಸುಮಾರು 100. ನಾಲ್ಕು ನಿಮಿಷಕ್ಕೆ 50 ಮಿಲಿ ಲೀಟರ್ ಪೆಟ್ರೋಲ್ ಖರ್ಚಾಯಿತೆನ್ನಿ. 100ರಷ್ಟಿದ್ದ ಗಾಳಿ 150ರ ಜಾಗಕ್ಕೆ ಹಿಗ್ಗಬೇಕು. ಒತ್ತಡ ಮೂರರಲ್ಲಿ ಎರಡು ಪಾಲಿಗೆ ಇಳಿಯಿತು. ಎಂಜಿನ್ನು ನಿಂತಿತು. ಅರ್ಧ ಟ್ಯಾಂಕಿನಲ್ಲಾದರೋ ಮೇಲಿನ ಗಾಳಿಯೇ 600. ಅದೇ 50 ಖರ್ಚಾದರೆ 650. ಒತ್ತಡ ಇಳಿದದ್ದು ಶೇಕಡಾ 8ರಷ್ಟು ಮಾತ್ರ.

ಇಷ್ಟು ನಾನು ಹೇಳಿದ್ದು. ಮುಂದಿನದನ್ನು ಹುಡುಗನೇ ಮಾಡಿದ. ಕಡ್ಡಿ ಅವನ ಕೈಗೆ ಹೋಗಿತ್ತು. “ಅರ್ಧ ಟ್ಯಾಂಕಲ್ಲೂ ಮೂರರಲ್ಲಿ ಎರಡು ಪಾಲಿಗೆ ಇಳೀಬೇಕು ಅಂದ್ರೆ 600 ಇದ್ದದ್ದು 900 ಆಗ್ಬೇಕು. 300 ಖರ್ಚಾಗ್ಬೇಕು. ಐವತ್ತರ ಆರರಷ್ಟು. ನಾಲ್ಕು ನಿಮಿಷದ ಆರರಷ್ಟು ಅಂದ್ರೆ 24 ನಿಮಿಷ.” ನೋಟ್‌ಬುಕ್ಕು ನೋಡಿದ. “21 ಬಂದಿದೆ ಸಾರ್.” ಗಾಳಿಯ ಜೊತೆ ಪೆಟ್ರೋಲಿನ ಆವಿಯೂ ಇರುತ್ತದೆ, ಹುಲ್ಲು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ, ಅದೆಲ್ಲ ಸೇರಿದರೆ ಇಷ್ಟು ವ್ಯತ್ಯಾಸ ಸಹಜ ಎಂದೆ. 50ಕ್ಕೆ 9 ತೆಗೆದುಕೊಂಡ ಹುಡುಗ ಇವನೇನಾ ಎಂದು ನೋಡುತ್ತಾ ಕೂತೆ.

ಮುಚ್ಚಳದ ಕವಾಟವನ್ನು ಪೆಟ್ರೋಲಿನಲ್ಲಿ ನೆನೆಸಿ, ಸಣ್ಣ ನೈಲಾನ್ ಎಳೆಯಿಂದ ತೂತು ಬಿಡಿಸಿದೆವು. ಹಾಗೆಂದು ಯಾರೂ ಮುಚ್ಚಳ ಸಡಿಲ ಬಿಟ್ಟು ಓಡಿಸಲು ಹೋಗಬೇಡಿ. ಬಿಸಿ ಸೈಲೆನ್ಸರಿನ ಮೇಲೆ ಪೆಟ್ರೋಲ್ ಚೆಲ್ಲಿದರೆ ಪ್ರಾಣಕ್ಕೇ ಅಪಾಯ. ಟ್ಯಾಂಕ್ ಭರ್ತಿ ಮಾಡಿ ಓಡಿಸಿದೆ. ನಾಲ್ಕು ನಿಮಿಷ ದಾಟಿತು, ಇಪ್ಪತ್ತೊಂದು ದಾಟಿತು. ಕೈ ಸೋತು ನಾನೇ ನಿಲ್ಲಿಸಿದೆ. ಖರ್ಚು ಸೊನ್ನೆ.

ಮಧ್ಯಾಹ್ನ ಊಟವಾದ ಮೇಲೆ ಜಗಲಿಯಲ್ಲಿ ಕೂತಾಗ, ಎರಡು ದಿನ ಮೊದಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿದೆ. “ಕ್ಲಾಸಲ್ಲಿ ಎಲ್ಲಿ ನಿಲ್ಲತ್ತೆ ನಿಂಗೆ? ಮೊದಲಿನಿಂದಾನೇ ಅರ್ಥ ಆಗಲ್ವಾ?”

“ಮೊದಲ ಹತ್ತು ನಿಮಿಷ ಚೆನ್ನಾಗೇ ಅರ್ಥ ಆಗತ್ತೆ ಸಾರ್. ಆಮೇಲೆ ಒಂದು ಪದ ಬರತ್ತೆ. ಅದು ಕನ್ನಡದಲ್ಲಿ ಏನು ಅಂತ ಯೋಚಿಸ್ತಾ ಇರೋವಾಗ ಲೆಕ್ಚರರು ಮುಂದೆ ಹೋಗಿರ್ತಾರೆ. ಇನ್ನೊಂದು ಪದ ಬರತ್ತೆ. ಆಮೇಲೆ ಏನೂ ಕೇಳ್ಸಲ್ಲ. ಸುಮ್ನೆ ಬರ್ಕೋತೀನಿ.”

“ಕೇಳಬಾರದಾ?”

“ಎಲ್ಲಾರೂ ನಗ್ತಾರೆ ಸಾರ್.”

ಮೊಬೈಲೂ ಅಲ್ಲ, ಅಹಂಕಾರವೂ ಅಲ್ಲ. ಎಂಜಿನ್ನು ಚೆನ್ನಾಗಿತ್ತು. ಹತ್ತು ವರ್ಷ ಕನ್ನಡದಲ್ಲಿ ವೇಗೋತ್ಕರ್ಷ, ಸಂವೇಗ, ವಿಲೋಮಾನುಪಾತ ಎಂದು ಕಲಿತವನಿಗೆ ಒಂದು ಜೂನ್ ತಿಂಗಳಿನಲ್ಲಿ ಎಲ್ಲವೂ ಇಂಗ್ಲಿಷಾಯಿತು. ವಿಷಯದ ಹೊರೆಯ ಮೇಲೆ ಭಾಷೆಯ ಹೊರೆ. ಗೊತ್ತಿಲ್ಲದ ಒಂದೊಂದು ಪದವೂ ಒಂದೊಂದು ಮುಚ್ಚಿದ ರಂಧ್ರ. ನನ್ನ ತರಗತಿಯಲ್ಲಿ ಅವನು ಅಂಗಳದಲ್ಲಿ ಓಡಿದಂತೆ ಓಡಿದ್ದ. ಅದನ್ನು ನೋಡಿ ಶಭಾಷ್ ಎಂದು ತೋಟಕ್ಕೆ ಕಳಿಸಿದವನು ನಾನು. ಅಲ್ಲಿ ನಿಂತಾಗ ಬೋರ್ ಹೋಗಿದೆ ಎಂದವನೂ ನಾನೇ.

ಆ ಸಂಜೆ ಅವನ ತಾಯಿಗೆ, “ನಾನು ಮೊನ್ನೆ ಹೇಳಿದ್ದು ತಪ್ಪು ಕಣಮ್ಮ. ಇವನ ತಲೆಗೆ ಏನೂ ಆಗಿಲ್ಲ. ಈಗಲೇ ವಿಜ್ಞಾನ ಬಿಡಿಸೋ ಯೋಚನೆ ಮಾಡ್ಬೇಡ” ಎಂದೆ. ಅವಳು ಏನೂ ಹೇಳಲಿಲ್ಲ. ಕಂಬ ಹಿಡಿದು ನಿಂತಿದ್ದವಳು ಹಾಗೇ ಜಗಲಿಯ ಮೆಟ್ಟಿಲ ಮೇಲೆ ಕೂತುಕೊಂಡಳು.

ನಾವು ಮಾಡಿದ್ದು ದೊಡ್ಡದೇನಲ್ಲ. ಎಂಜಿನ್ನಿನ ಲೆಕ್ಕ ಬರೆದ ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಎರಡು ಸಾಲು ಗೀಟು ಹಾಕಿದೆವು. ಎಡಗಡೆ ಇಂಗ್ಲಿಷ್ ಪದ, ಬಲಗಡೆ ಅವನಿಗೆ ಮೊದಲೇ ಗೊತ್ತಿದ್ದ ಕನ್ನಡ ಪದ. ನಾಳೆ ಯಾವ ಪಾಠವೋ ಅದರ ಪದಗಳನ್ನು ಇವತ್ತೇ ಬರೆದುಕೊಂಡು ಹೋಗುವುದು. ವಾರಕ್ಕೆ ಮೂರು ಸಂಜೆ ನಮ್ಮ ಜಗಲಿಗೆ ಬಂದ. ನನಗೂ ಮರೆತಿದ್ದನ್ನು ನಾನೂ ಓದಿಕೊಂಡೆ. ಬಿ.ಎಸ್ಸಿ. ಮುಗಿಸಿ ಮೂವತ್ತು ವರ್ಷದ ಮೇಲಾಯಿತಲ್ಲ! ಪವಾಡವೇನೂ ನಡೆಯಲಿಲ್ಲ. ಮುಂದಿನ ಟೆಸ್ಟಿನಲ್ಲೂ ರಸಾಯನಶಾಸ್ತ್ರದಲ್ಲಿ ಫೇಲಾದ. ವಾರ್ಷಿಕ ಪರೀಕ್ಷೆಯಲ್ಲಿ ಎಲ್ಲದರಲ್ಲೂ ಪಾಸಾಗಿ ಈಗ ದ್ವಿತೀಯ ಪಿಯುಸಿಯಲ್ಲಿದ್ದಾನೆ. ತರಗತಿಗೆ ಮೊದಲಿಗನಲ್ಲ. ಆದರೆ ಗಂಟೆಯಿಡೀ ಪಾಠ ಕೇಳಿಸುತ್ತದೆ ಎನ್ನುತ್ತಾನೆ. ನನಗೆ ಅಷ್ಟು ಸಾಕು.

ನನ್ನನ್ನು ಕಾಡುವುದು ಬೇರೆ. ಇಪ್ಪತ್ತೆಂಟು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಒಳ್ಳೆಯ ಅಂಕ ಪಡೆದು ಹೋಗಿ, ಪಿಯುಸಿಯಲ್ಲಿ ಸೋತು, ಊರಿಗೆ ಬಂದು ಸುಮ್ಮನಾದ ಮಕ್ಕಳು ಎಷ್ಟೋ ಮಂದಿ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ತಲೆ ತಗ್ಗಿಸಿ ನಮಸ್ಕಾರ ಮಾಡುತ್ತಾರೆ. ಅವರಲ್ಲಿ ಎಷ್ಟು ಜನರ ಬೋರು ನಿಜವಾಗಿ ಹೋಗಿತ್ತು, ಎಷ್ಟು ಜನರ ಮುಚ್ಚಳದ ತೂತು ಮುಚ್ಚಿತ್ತು? ನಾನು ಯಾರನ್ನೂ ಕೇಳಲಿಲ್ಲ.

ತಂದೆತಾಯಂದಿರಿಗೆ ಒಂದು ಮಾತು. ಮಗುವಿನ ಅಂಕ ಇಳಿದಾಗ ನಾವು ಒಂದೇ ವಾರದಲ್ಲಿ ಟ್ಯೂಷನ್ ಬದಲಾಯಿಸುತ್ತೇವೆ, ಮೊಬೈಲ್ ಕಿತ್ತಿಡುತ್ತೇವೆ, ಆಟ ನಿಲ್ಲಿಸುತ್ತೇವೆ, ಹರಕೆ ಹೊರುತ್ತೇವೆ. ನಾಲ್ಕನ್ನೂ ಒಟ್ಟಿಗೆ! ಅದರ ಬದಲು ಪಕ್ಕದಲ್ಲಿ ಕೂತು ಕೇಳಿ. ಯಾವ ಪಾಠದಲ್ಲಿ, ಎಷ್ಟು ಹೊತ್ತಿನ ಮೇಲೆ, ಯಾವ ಮಾತು ಬಂದಾಗ ನಿಲ್ಲುತ್ತದೆ ಎಂದು. ಉತ್ತರ ತಕ್ಷಣ ಬರದಿರಬಹುದು. ಯಂತ್ರವೇ ಐದು ಸಲ ನಿಂತ ಮೇಲೆ ಗುಟ್ಟು ಬಿಟ್ಟುಕೊಟ್ಟಿತು. ವಿದ್ಯಾರ್ಥಿಗಳಿಗೂ ಒಂದು ಮಾತು. ಗೊತ್ತಿಲ್ಲದ ಪದ ಬಂದಾಗ ಕೈ ಎತ್ತಿ ಕೇಳಿ. ನಗುವವರು ನಗಲಿ, ಅವರಲ್ಲಿ ಅರ್ಧ ಜನಕ್ಕೆ ಅದು ಗೊತ್ತಿರುವುದಿಲ್ಲ.

ಇದನ್ನೆಲ್ಲ ಮನೆಯವಳಿಗೆ ವಿವರಿಸಿದೆ. ಅವಳು ಒಳಗೆ ಹೊಸ ಎಣ್ಣೆ ಡಬ್ಬಕ್ಕೆ ಮೊಳೆ ಇಟ್ಟು ಹೊಡೆಯುತ್ತಿದ್ದಳು. ಪೂರ್ತಿ ಕೇಳಿಸಿಕೊಂಡು, ಎರಡನೇ ತೂತು ಹೊಡೆದು ಮುಗಿಸಿ, “ಇದಕ್ಕೆ ಮೂರು ದಿನ ಬೇಕಾಯ್ತಾ ನಿಮಗೆ?” ಎಂದಳು.